ರಾಜಕಂಠಿಕೆ

ವಾಚಕರು ಒಂದು ಕಾಗದ, ಒಂದು ಪೆನ್ಸಿಲು ತೆಗೆದುಕೊಳ್ಳಬೇಕು. 14,28,57,143 ಎಂದು ಬರೆದು ಅದನ್ನು 7ರಿಂದ ಗುಣಿಸಿರಿ. ಬರುವುದು 1,00,00,00,001, ಅಂದರೆ ನೂರು ಕೋಟಿಯ ಮೇಲೊಂದು. ಎರಡು ತುದಿಗೂ ಒಂದೊಂದು ಮಣಿ, ನಡುವೆ ಎಂಟು ಸೊನ್ನೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಮಹಾವೀರಾಚಾರ್ಯನು ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಇದಕ್ಕೆ ಇಟ್ಟ ಹೆಸರು ರಾಜಕಂಠಿಕೆ, ಅರಸನ ಕೊರಳ ಹಾರ.

ಅರಸನೆಂದರೆ ಒಂಬತ್ತನೆಯ ಶತಮಾನದ ನಮ್ಮ ನೃಪತುಂಗನೇ. ಗ್ರಂಥದ ಮೊದಲಲ್ಲೇ ಅವನ ಸ್ತುತಿಯಿದೆ. ನಾಡಹಬ್ಬದ ದಿನ ‘ಕವಿರಾಜಮಾರ್ಗ’ವನ್ನು ನೆನೆಯುವ ನಾವು ಅದೇ ಕಾಲದ ಈ ಗಣಿತಜ್ಞನನ್ನು ಮರೆತೇಬಿಡುತ್ತೇವೆ. ಅವನು ಬರೆದದ್ದು ಸಂಸ್ಕೃತದಲ್ಲಿ ಎಂಬುದೂ ಕಾರಣವಿರಬಹುದು. ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಡನೆ ಅದು 1912ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು.

ಹೋದ ತಿಂಗಳು ಒಂದು ಭಾನುವಾರ ತಮ್ಮನ ಮಗಳ ಮುಂದೆ ಈ ಹಾರವನ್ನು ಇಟ್ಟೆ. ಮುಂಬಯಿಯಲ್ಲೇ ಹುಟ್ಟಿದ ಹುಡುಗಿ; ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ಮರಾಠಿ, ಮಗ್ಗಿ ಮಾತ್ರ ಅಜ್ಜಿ ಕಲಿಸಿದ ಕನ್ನಡದ್ದು. “ಏಳ್ಮೂರ್ಲ ಇಪ್ಪತ್ತೊಂದು” ಎಂದು ಶುರುಮಾಡಿ ನಿಮಿಷದೊಳಗೆ ಮುಗಿಸಿದಳು. ಬೆರಗಾಗುತ್ತಾಳೆಂದು ಕಾದೆ.

“ಸರಿ ದೊಡ್ಡಪ್ಪ, ಆದರೆ ಏಳೇ ಯಾಕೆ? ಎಂಟೇ ಸೊನ್ನೆ ಯಾಕೆ?”

ಮೂವತ್ತು ವರ್ಷ ಲೆಕ್ಕದ ಪುಸ್ತಕ ಬರೆದವನು ನಾನು. ಉತ್ತರ ಹೊಳೆಯಲಿಲ್ಲ. “ಅದು ಹಾಗೆಯೇ” ಎಂದುಬಿಟ್ಟೆ. ಅವಳ ಮುಖ ಸಪ್ಪಗಾಯಿತು. ಆ ರಾತ್ರಿ ಊಟವಾದ ಮೇಲೆ ಲೆಕ್ಕಕ್ಕೆ ಕುಳಿತೆ.

ಗುಟ್ಟೆಲ್ಲ 1001ರಲ್ಲಿದೆ. 7, 11, 13 ಇವನ್ನು ಗುಣಿಸಿದರೆ 1001. ಆದುದರಿಂದ ಸಾವಿರವು 7ರ ಗುಣಕಕ್ಕಿಂತ ಒಂದು ಕಡಮೆ. ಸಾವಿರವನ್ನು ಸಾವಿರದಿಂದ ಗುಣಿಸಿದರೆ ಆ ಎರಡು ಕೊರತೆಗಳು ಸೇರಿ ಒಂದು ಹೆಚ್ಚಳವಾಗುತ್ತದೆ: ಹತ್ತು ಲಕ್ಷವು 7ರ ಗುಣಕಕ್ಕಿಂತ ಒಂದು ಹೆಚ್ಚು. ಇನ್ನೊಮ್ಮೆ ಸಾವಿರದಿಂದ ಗುಣಿಸಿರಿ. ನೂರು ಕೋಟಿಗೆ ಮತ್ತೆ ಒಂದು ಕೊರತೆ. ಆ ಕೊರತೆಯನ್ನು ತುಂಬುವುದೇ ಹಾರದ ಕೊನೆಯ ಮಣಿ! ನಡುವಿನ ಸೊನ್ನೆ ಏಳಾದರೆ ಭಾಗಿಸಿದಾಗ 3 ಉಳಿಯುತ್ತದೆ, ಒಂಬತ್ತಾದರೆ 5. ಎರಡು, ಎಂಟು, ಹದಿನಾಲ್ಕು, ಹೀಗೆ ಆರಾರು ಸೊನ್ನೆ ಏರಿದರೆ ಮಾತ್ರ 7ಕ್ಕೆ ಹಾರ ಕೂಡಿಬರುತ್ತದೆ.

ಇದೇ ನ್ಯಾಯದಿಂದ 11 ಮತ್ತು 13 ಕೂಡ ರಾಜಕಂಠಿಕೆಯನ್ನು ನಿಶ್ಶೇಷವಾಗಿ ಭಾಗಿಸುತ್ತವೆ. ಪೂರ್ತಿ ಬಿಡಿಸಿದರೆ 7, 11, 13, 19, 52579 ಎಂಬ ಐದು ಅವಿಭಾಜ್ಯ ಸಂಖ್ಯೆಗಳು. ಕೊನೆಯದು ಒಡೆಯುವುದೇ ಎಂದು ನೋಡಲು ನನಗೆ ಎರಡು ರಾತ್ರಿ ಹಿಡಿಯಿತು. ಒಡೆಯಲಿಲ್ಲ.

ಮುಂದಿನ ಭಾನುವಾರ ಅವಳನ್ನು ಕರೆದು, ಅಂದು ಹೇಳಿದ್ದು ಉತ್ತರವಲ್ಲವೆಂದು ಒಪ್ಪಿಕೊಂಡು, ಇಷ್ಟನ್ನೂ ಹೇಳಿದೆ. ಅವಳು ಮಾತಾಡಲಿಲ್ಲ. ಹಳೆಯ ಕ್ಯಾಲೆಂಡರಿನ ಹಾಳೆ ಹರಿದು, ಹಿಂಬದಿಯಲ್ಲಿ ಹದಿನಾಲ್ಕು ಸೊನ್ನೆಯ ಹಾರ ಬರೆದು 7ರಿಂದ ಭಾಗಿಸತೊಡಗಿದಳು.

“ದೊಡ್ಡಪ್ಪ, 142857 ಎರಡು ಸಲ ಬಂತು! ಕೊನೆಗೆ 143!”

ಆಮೇಲೆ ಇಪ್ಪತ್ತು ಸೊನ್ನೆಗೆ ಇನ್ನೊಂದು ಹಾಳೆ ಕೇಳಿದಳು.