ವೇಗದ ಮಿತಿ ಮೀರುವುದೇಕೆ?

ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಅಪಘಾತಗಳು ಹೆಚ್ಚಿದ್ದರಿಂದ ಅದೇ ವರ್ಷ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ಬೈಕು, ಆಟೋ, ಟ್ರ್ಯಾಕ್ಟರ್‌ಗಳನ್ನು ನಿಷೇಧಿಸಲಾಯಿತು. ಕಾರುಗಳಿಗೆ ಗಂಟೆಗೆ 100 ಕಿ.ಮೀ. ಮಿತಿಯಿದೆ. ಫಲಕ ಓದಬಲ್ಲ ವಿದ್ಯಾವಂತರೇ ಇದನ್ನು ಮೀರುತ್ತಾರಲ್ಲ, ಏಕೆ?

ಮೊದಲ ಕಾರಣ ನಮ್ಮ ಕಣ್ಣು. ಅದು ವೇಗವನ್ನು ಅಳೆಯುವ ಮೀಟರಲ್ಲ. ಪಕ್ಕದ ಮರ, ಕಂಬಗಳು ಎಷ್ಟು ಬೇಗ ಹಿಂದೆ ಸರಿಯುತ್ತವೆ ಎಂಬುದರಿಂದ ವೇಗವನ್ನು ಅಂದಾಜು ಮಾಡುತ್ತದೆ. ಅಗಲವಾದ ರಸ್ತೆಯಲ್ಲಿ ಇವೆಲ್ಲ ದೂರವಿರುವುದರಿಂದ ವೇಗ ಕಡಿಮೆ ಎನಿಸುತ್ತದೆ. ಬಹಳ ಹೊತ್ತು ವೇಗವಾಗಿ ಹೋದವರಿಗಂತೂ 60 ಕಿ.ಮೀ. ಆಮೆಯ ನಡಿಗೆಯಂತೆ ತೋರುತ್ತದೆ.

ಎರಡನೆಯದು ಅನುಕರಣೆ. ಎಲ್ಲರೂ ಮುಂದೆ ಹೋಗುತ್ತಿದ್ದರೆ ನಮ್ಮ ಕಾಲೂ ತಾನಾಗಿ ಆಕ್ಸಿಲರೇಟರ್ ಒತ್ತುತ್ತದೆ. ಮೂರನೆಯದು, ಸಿಕ್ಕಿಬೀಳುವುದಿಲ್ಲ ಎಂಬ ಧೈರ್ಯ. ದಂಡ ಎಷ್ಟು ಎಂಬುದಕ್ಕಿಂತ ಸಿಕ್ಕಿಬೀಳುವುದು ಎಷ್ಟು ಖಚಿತ ಎಂಬುದೇ ಚಾಲಕರನ್ನು ಹೆಚ್ಚಾಗಿ ತಡೆಯುತ್ತದೆ. ಆದರೆ ಒಂದು ಕ್ಯಾಮೆರಾ ಇದ್ದರೆ ಅದರ ಮುಂದೆ ನಿಧಾನಿಸಿ, ದಾಟಿದೊಡನೆ ಮತ್ತೆ ಓಡಿಸುವವರುಂಟು. ಎರಡು ಕ್ಯಾಮೆರಾಗಳ ನಡುವಿನ ಸಮಯವನ್ನು ಲೆಕ್ಕ ಹಾಕಿದರೆ ಈ ಆಟ ನಡೆಯದು. 30 ಕಿ.ಮೀ. ದೂರವನ್ನು 15 ನಿಮಿಷದಲ್ಲಿ ಕ್ರಮಿಸಿದವನ ಸರಾಸರಿ ವೇಗ 120 ಎಂದು ಏಳನೇ ತರಗತಿಯ ಹುಡುಗಿಯೂ ಹೇಳಬಲ್ಲಳು. ರಾಜ್ಯದಲ್ಲಿ 2024ರ ಆಗಸ್ಟ್‌ನಿಂದ 130 ಮೀರಿದವರ ಮೇಲೆ ಮೊಕದ್ದಮೆ ಹೂಡುವ ಕ್ರಮವೂ ಬಂದಿತು.

100ಕ್ಕೂ 130ಕ್ಕೂ ಅಂಥ ವ್ಯತ್ಯಾಸವೇನು? ವಿದ್ಯಾರ್ಥಿಗಳೇ, ಲೆಕ್ಕ ಮಾಡಿ ನೋಡಿ. ಚಲನಶಕ್ತಿ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. 1.3ರ ವರ್ಗ 1.69. ಅಂದರೆ ವೇಗ ಶೇ. 30 ಹೆಚ್ಚಿದರೆ ಶಕ್ತಿ ಶೇ. 69 ಹೆಚ್ಚುತ್ತದೆ. ಅಡ್ಡ ಬಂದ ದನವನ್ನು ಕಂಡು ಬ್ರೇಕ್ ಒತ್ತಲು ಒಂದು ಸೆಕೆಂಡ್ ಬೇಕು, ಬ್ರೇಕಿನಿಂದ ವೇಗವು ಪ್ರತಿ ಸೆಕೆಂಡಿಗೆ 7 ಮೀಟರ್‌ನಂತೆ ತಗ್ಗುತ್ತದೆ ಎಂದಿಟ್ಟುಕೊಳ್ಳೋಣ. 100ರಲ್ಲಿ ಬಂದ ಕಾರು ಸುಮಾರು 83 ಮೀಟರ್‌ನಲ್ಲಿ ನಿಲ್ಲುತ್ತದೆ. 130ರಲ್ಲಿ ಬಂದದ್ದು ಅದೇ ಜಾಗದಲ್ಲಿ ಇನ್ನೂ ಸುಮಾರು 90 ಕಿ.ಮೀ. ವೇಗದಲ್ಲಿರುತ್ತದೆ!

ಇಷ್ಟು ಅಪಾಯಕ್ಕೆ ಸಿಗುವ ಲಾಭವೇನು? 60 ಕಿ.ಮೀ. ಪ್ರಯಾಣದಲ್ಲಿ ಉಳಿಯುವುದು ಸುಮಾರು ಎಂಟು ನಿಮಿಷ.

ಪೋಷಕರೇ, ಹಿಂದಿನ ಸೀಟಿನ ಮಗು ನಿಮ್ಮ ಮಾತಿಗಿಂತ ನಿಮ್ಮ ಸ್ಪೀಡೋಮೀಟರನ್ನೇ ಹೆಚ್ಚು ಗಮನಿಸುತ್ತಿರುತ್ತದೆ. ನಾಳೆ ಸ್ಟಿಯರಿಂಗ್ ಹಿಡಿಯುವುದು ಅದೇ ಮಗು.