ದೇಹ ಮರೆಯದ ಭಯ

ಕಾಯವನ್ನು ಕಡೆಗಣಿಸಿ ಮನಸ್ಸನ್ನಷ್ಟೇ ತಿದ್ದಹೊರಡುವುದು ನಮ್ಮಂಥ ಉಪದೇಶಕರಿಗೆ ಅಂಟಿದ ಹಳೆಯ ದೋಷ. ಅದನ್ನು ನಾವು ಅನುಭವದಿಂದಲೇ ಬಲ್ಲೆವು.

೧೯೯೩ರ ಸೆಪ್ಟೆಂಬರ್ ೩೦ರ ನಸುಕಿನಲ್ಲಿ ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿ ಸೀಮೆಯಲ್ಲಿ ಭೂಮಿ ನಡುಗಿತು. ಕಲ್ಲುಮಣ್ಣಿನ ದಪ್ಪ ಗೋಡೆಗಳು ಮಲಗಿದವರ ಮೇಲೆಯೇ ಕುಸಿದು ಒಂಬತ್ತು ಸಾವಿರಕ್ಕೂ ಹೆಚ್ಚು ಜನ ಮಡಿದರು. ಅಲ್ಲಿ ಬದುಕುಳಿದು, ಗಡಿಯೀಚೆಯ ತವರಿಗೆ ಬಂದು ನೆಲೆಸಿದ್ದ ತಾಯಿಯೊಬ್ಬರನ್ನು ಕೆಲವು ವರ್ಷಗಳ ಅನಂತರ ಬಂಧುಗಳು ನಮ್ಮಲ್ಲಿಗೆ ಕರೆತಂದರು. ಮಾಳಿಗೆಯ ಮೇಲೆ ಬೆಕ್ಕು ಹಾರಿದರೂ ಆಕೆ ಅಂಗಳಕ್ಕೆ ಓಡುವರು. ಸೂರಿನ ಕೆಳಗೆ ನಿದ್ರಿಸರು. ಕಣ್ಣು ಮುಚ್ಚಿ, ಅಲುಗದೆ ಕುಳಿತು ಧ್ಯಾನಿಸಿರೆಂದು ನಾವು ವಿಧಿಸಿದೆವು. ಅರೆಗಳಿಗೆಯಲ್ಲಿ ಆಕೆ ಚೀರಿ ಎದ್ದರು. ಅದನ್ನು ಚಿತ್ತಚಾಂಚಲ್ಯವೆಂದು ಬಗೆದು ಮತ್ತೆ ಕುಳಿತುಕೊಳ್ಳುವಂತೆ ಒತ್ತಾಯಿಸಿದೆವು. ಆಕೆ ಮರಳಿ ಬರಲಿಲ್ಲ.

ಭಯದ ನೆಲೆ

ಅಪಾಯ ಎದುರಾದಾಗ ಎದೆಬಡಿತ ಏರುತ್ತದೆ, ಸ್ನಾಯುಗಳು ಬಿಗಿಯುತ್ತವೆ, ದೇಹ ಓಡಲು ಇಲ್ಲವೆ ಹೋರಾಡಲು ಅಣಿಯಾಗುತ್ತದೆ. ಎರಡೂ ಸಾಧ್ಯವಾಗದಾಗ ಮರಗಟ್ಟುತ್ತದೆ. ಬಹುಮಂದಿಯಲ್ಲಿ ಇದು ಕಾಲಕ್ರಮದಲ್ಲಿ ಶಮನವಾಗುತ್ತದೆ. ಕೆಲವರಲ್ಲಿ ಮಾತ್ರ ಅಪಾಯ ಕಳೆದರೂ ದೇಹದ ಕಾವಲು ಇಳಿಯುವುದಿಲ್ಲ. ಅಮೆರಿಕದ ಮನೋವೈದ್ಯರ ಸಂಘವು ೧೯೮೦ರಲ್ಲಿ ಇದನ್ನು ಪ್ರತ್ಯೇಕ ವ್ಯಾಧಿಯೆಂದು ತನ್ನ ಕೈಪಿಡಿಯಲ್ಲಿ ಸೇರಿಸಿತು. ಇದು ಗಾಳಿಸೋಂಕೂ ಅಲ್ಲ, ಭಕ್ತಿಯ ಕೊರತೆಯೂ ಅಲ್ಲ.

ದೇಹದ ಮೂಲಕ ಉಪಶಮನ

ಅಮೆರಿಕದ ಪೀಟರ್ ಲೆವಿನ್ ಅವರು ರೂಪಿಸಿದ ಪದ್ಧತಿಯಲ್ಲಿ ನಡೆದುದನ್ನೆಲ್ಲ ಒಮ್ಮೆಲೇ ಹೇಳಿಸುವುದಿಲ್ಲ. ದೇಹದಲ್ಲಿ ಏಳುವ ಬಿಗಿತ, ಕಂಪನಗಳನ್ನು ಸ್ವಲ್ಪಸ್ವಲ್ಪವಾಗಿ ಗಮನಿಸಲು ಕಲಿಸುತ್ತಾರೆ. ಮನೋವೈದ್ಯ ಬೆಸೆಲ್ ವಾನ್ ಡರ್ ಕೋಕ್ ಮತ್ತು ಸಂಗಡಿಗರು ೨೦೧೪ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೀರ್ಘಕಾಲದ ಚಿಕಿತ್ಸೆಯಿಂದಲೂ ಗುಣಹೊಂದದ ಮಹಿಳೆಯರಿಗೆ ಹತ್ತು ವಾರ ಯೋಗವನ್ನು ಕಲಿಸಲಾಯಿತು. ಕೊನೆಯಲ್ಲಿ ಯೋಗದ ಗುಂಪಿನ ೩೧ ಜನರಲ್ಲಿ ೧೬ ಮಂದಿಗೆ ವ್ಯಾಧಿಯ ಲಕ್ಷಣಗಳು ರೋಗನಿರ್ಣಯದ ಮಟ್ಟದಿಂದ ಕೆಳಗಿಳಿದಿದ್ದವು. ಆರೋಗ್ಯಶಿಕ್ಷಣವನ್ನಷ್ಟೇ ಪಡೆದ ೨೯ ಜನರಲ್ಲಿ ಹಾಗಾದದ್ದು ೬ ಮಂದಿಗೆ.

ಆ ಯೋಗದ ಕ್ರಮವು ನಮ್ಮ ಕಣ್ಣು ತೆರೆಸಿತು. ಅಲ್ಲಿ ಕಣ್ಣು ಮುಚ್ಚಲೇಬೇಕೆಂಬ ನಿಯಮವಿಲ್ಲ, ಬೇಡವೆನಿಸಿದೊಡನೆ ನಿಲ್ಲಿಸಬಹುದು. ಆಜ್ಞೆಯಿಲ್ಲ, ಆಹ್ವಾನವಷ್ಟೆ. ನಾವು ಆ ತಾಯಿಗೆ ಮಾಡಿದ್ದು ಇದಕ್ಕೆ ತದ್ವಿರುದ್ಧ.

ಆದರೂ ಇವು ಪೂರಕ ವಿಧಾನಗಳೇ ಹೊರತು ವೈದ್ಯಕ್ಕೆ ಬದಲಿಯಲ್ಲ. ಆಘಾತವನ್ನೇ ಗುರಿಯಾಗಿರಿಸಿಕೊಂಡ ಮಾನಸಿಕ ಚಿಕಿತ್ಸೆಗಳಿಗೆ ಇದಕ್ಕಿಂತ ಬಲವಾದ ಆಧಾರಗಳಿವೆ. ನಿದ್ರಾನಾಶ, ಬೆಚ್ಚಿಬೀಳುವಿಕೆ ತಿಂಗಳಿಗೂ ಮೀರಿ ಮುಂದುವರಿದರೆ ವೈದ್ಯರನ್ನು ಕಾಣಬೇಕು. ಸರಕಾರದ ಟೆಲಿ ಮಾನಸ್ ಸಹಾಯವಾಣಿ ೧೪೪೧೬ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಮನೆಯವರ ಕರ್ತವ್ಯ

"ಮರೆತುಬಿಡು" ಎನ್ನಬೇಡಿ, "ಏನಾಯಿತು ಹೇಳು" ಎಂದು ಕೆದಕಲೂ ಬೇಡಿ. ಬೆಚ್ಚಿದವರನ್ನು ಹಠಾತ್ತನೆ ಮುಟ್ಟದೆ, ಹೆಸರು ಹಿಡಿದು ಮೆಲ್ಲನೆ ಕರೆಯಿರಿ. ಪಾದಗಳು ನೆಲಕ್ಕೆ ತಾಗಿರಲಿ. ಒಳಗೆಳೆದುಕೊಳ್ಳುವುದಕ್ಕಿಂತ ನಿಧಾನವಾಗಿ ಉಸಿರನ್ನು ಹೊರಬಿಡಲಿ; ಎದೆಬಡಿತ ಇಳಿಯಲು ಅದು ನೆರವಾಗುತ್ತದೆ.

ನಮ್ಮ ಪೂಜಾವಿಧಾನದಲ್ಲಿಯೇ ಒಂದು ದಾರಿಯಿತ್ತೆಂಬುದು ನಮಗೆ ತಡವಾಗಿ ಹೊಳೆಯಿತು. ಇಷ್ಟಲಿಂಗವನ್ನು ನಾವು ದಿಟ್ಟಿಸುವುದು ತೆರೆದ ಕಣ್ಣಿನಿಂದ. ಅಂಗೈಗೆ ಅದರ ಭಾರ ತಿಳಿಯುತ್ತಿರುತ್ತದೆ. ಭೀತರಾದವರು ಈಗ ನಮ್ಮಲ್ಲಿಗೆ ಬಂದರೆ ಕಣ್ಣು ಮುಚ್ಚಿರೆಂದು ಹೇಳುವುದಿಲ್ಲ. ಅಂಗಳದಲ್ಲಿ, ಅವರಿಗೆ ಹಿತವೆನಿಸುವ ಕಡೆ ಕುಳಿತುಕೊಳ್ಳಲಿ ಎನ್ನುತ್ತೇವೆ. ಆ ತಾಯಿಗೆ ಅಂದು ಹೇಳಬೇಕಾಗಿದ್ದುದೂ ಇಷ್ಟೇ.