ಮನೆ ಕದಲಲಿಲ್ಲ, ಜಿಲ್ಲೆ ಬದಲಾಯಿತು

ಹರಪನಹಳ್ಳಿಯಲ್ಲಿ 1950ರಲ್ಲಿ ಹುಟ್ಟಿದ ಅಜ್ಜಿಯೊಬ್ಬರ ಫೋಟೊ ತೆಗೆಯುತ್ತಿದ್ದೀರಿ ಎಂದುಕೊಳ್ಳಿ. ಹುಟ್ಟಿದ್ದು ಮದ್ರಾಸ್ ರಾಜ್ಯದ ಬಳ್ಳಾರಿ ಜಿಲ್ಲೆಯಲ್ಲಿ. 1953ರಲ್ಲಿ ಊರು ಮೈಸೂರು ರಾಜ್ಯಕ್ಕೆ ಬಂತು. 1997ರಲ್ಲಿ ದಾವಣಗೆರೆ ಜಿಲ್ಲೆ, 2018ರಲ್ಲಿ ಮತ್ತೆ ಬಳ್ಳಾರಿ, 2021ರಲ್ಲಿ ವಿಜಯನಗರ. ಮನೆ ಮಾತ್ರ ಅಲ್ಲೇ ಇದೆ!

ಅದಕ್ಕೇ ಸ್ಟುಡಿಯೋ ಪರದೆ ಬೇಡ, ಅವರ ಪಡಸಾಲೆಯೇ ಬೇಕು. ಫ್ಲ್ಯಾಶೂ ಬೇಡ, ಮಣ್ಣಿನ ಮಾಳಿಗೆಯ ಬೆಳಕಿಂಡಿಯಿಂದ ಇಳಿಯುವ ಬಿಸಿಲು ಸಾಕು.

"ಅಜ್ಜಿ, ಅಲ್ಲೇ ಕೂತ್ಕಳ್ರಿ. ಸೀರೆ ಬದಲಿಸಬ್ಯಾಡ್ರಿ."

ಕೂಡ್ಲಿಗಿ, ಕೊಟ್ಟೂರಲ್ಲೂ ಫೋಟೊ ಹೀಗೇ ತೆಗೆಯಿರಿ. ಹಡಗಲಿಯಲ್ಲಿ ಮಲ್ಲಿಗೆ ಬಿಡಿಸುವ ಕೈಯೂ ಚೌಕಟ್ಟಿಗೆ ಬರಲಿ.

ಹಗರಿಬೊಮ್ಮನಹಳ್ಳಿ ಕಡೆ ಮಾತ್ರ ಒಂದು ಮಾತು ಕೇಳಲೇಬೇಕು: "ನಿಮ್ಮ ಹಳೇ ಊರು ಯಾವ್ದು?" ಕೆಲವರು ತುಂಗಭದ್ರಾ ಹಿನ್ನೀರಿನತ್ತ ಕೈ ತೋರಿಸುತ್ತಾರೆ. ಅವರ ಊರು ಆ ನೀರಿನ ಕೆಳಗಿದೆ. ಕ್ಲಿಕ್ಕಿಸಬೇಕಾದದ್ದು ಆಗಲೇ.